ಕೋಟೆ, ಪೇಟೆ ಮತ್ತು ಬೀಸುಬಾಲು

ಜನವರಿ ೯, ೧೯೨೭. ಭಾನುವಾರ

ಡ್ರಿಲ್ ಮೇಷ್ಟ್ರು ಬೆನಕಪ್ಪ ಮದರಾಸಿನಿಂದ ವಾಪಸು ಬಂದಿದ್ದಾನೆ. ಅಂಗಸಾಧನೆಯ ತರಬೇತಿಗೆಂದು ಸರ್ಕಾರ ಆರು ತಿಂಗಳು ಕಳಿಸಿತ್ತು. ಹೋಗುವಾಗ ಬರೀ ದಡ್ಡನಾಗಿದ್ದ. ಈಗ ಕೊರಳಲ್ಲಿ ಒಂದು ಸೀಟಿಯೂ ಇದೆ.

ಬರುವಾಗ ಒಂದು ಆಟವನ್ನು ಹೊತ್ತು ತಂದಿದ್ದಾನೆ. ಅಮೆರಿಕದವರ ಆಟ, ಹೆಸರು ಬೇಸ್‌ಬಾಲ್. ಒಬ್ಬ ಚೆಂಡು ಎಸೆಯಬೇಕು. ಇನ್ನೊಬ್ಬ ಒನಕೆಯಂಥ ದಾಂಡಿನಿಂದ ಅದನ್ನು ಬೀಸಿ ಹೊಡೆಯಬೇಕು. ಹೊಡೆದವನು ನಾಲ್ಕು ಮೂಲೆಗಳಲ್ಲಿ ಹಾಕಿದ ಗೋಣಿಚೀಲಗಳನ್ನು ಮುಟ್ಟುತ್ತ ಸುತ್ತಿ, ಹೊರಟ ಜಾಗಕ್ಕೇ ಬಂದು ಸೇರಬೇಕು. ನಡುವೆ ಯಾರಾದರೂ ಚೆಂಡು ಹಿಡಿದು ಅವನ ಮೈಗೆ ಮುಟ್ಟಿಸಿದರೆ ಅವನು ಔಟು. ಹೊರಟಲ್ಲಿಗೇ ಬರುವುದಕ್ಕೆ ಇಷ್ಟು ಓಡಬೇಕೇ ಎಂದು ಕೇಳಿದೆ. "ಅದೇ ಸಾರ್ ಗಮ್ಮತ್ತು" ಎಂದ.

ಹೆಡ್‌ಮಾಸ್ಟರಿಗೆ ಹೊಸದೆಂದರೆ ಸಾಕು. "ರೇವಣಪ್ಪನವರೇ, ರೂಲ್ ಪುಸ್ತಕ ಇಂಗ್ಲಿಷಿನಲ್ಲಿದೆ. ನೀವೇ ಓದಿ ಅಂಪೈರ್ ಆಗಿಬಿಡಿ" ಎಂದರು. ಹದಿನೆಂಟು ವರ್ಷ ಕಡೂರಿನ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ ತುಂಬಿದ್ದಕ್ಕೆ ನನಗೆ ಸಿಕ್ಕ ಬಹುಮಾನ ಇದು.

ಜನವರಿ ೧೬, ಭಾನುವಾರ

ಸಂತೆ ಮೈದಾನದಲ್ಲಿ ಮೊದಲ ಅಭ್ಯಾಸ. ಆಡಲು ಬಂದವರು ಶಾಲೆಯ ಹುಡುಗರಲ್ಲ, ಮೀಸೆ ಬಂದ ಗಂಡಸರು. ಆಟದ ಹೆಸರು ಅರ್ಧ ಗಂಟೆಯಲ್ಲಿ 'ಬೀಸುಬಾಲು' ಆಯಿತು. ಗೋಣಿಚೀಲಕ್ಕೆ 'ಮನೆ' ಎಂದು ಹೆಸರಿಟ್ಟರು. ಕೊನೆಗೆ ಬಂದು ಸೇರುವ ಮನೆ 'ತವರು'. ತಿದ್ದಲು ಹೋಗಿ ಸಾಕಾಯಿತು.

ಬೆನಕಪ್ಪ ಆಟಗಾರರನ್ನು ಎರಡು ಪಂಗಡ ಮಾಡಿದ. ಕೋಟೆಯ ಒಳಗಿನವರು ಒಂದು ಕಡೆ, ಪೇಟೆಯವರು ಇನ್ನೊಂದು ಕಡೆ. ಕಿತ್ತಾಡಲು ಕಾರಣ ಹುಡುಕುತ್ತಲೇ ಇರುವ ಊರಿಗೆ ಇದೊಂದು ಹೊಸ ಕಾರಣ ಯಾಕೆ, ಚೀಟಿ ಎತ್ತಿ ಬೆರೆಸು ಎಂದೆ.

"ಬೆರೆಸಿದ್ರೆ ಯಾರೂ ಬರಲ್ಲ ಸಾರ್. ನಮ್ಮೂರೋರು ಆಟ ನೋಡೋಕೆ ಬರಲ್ಲ. ಪಕ್ಕದ ಬೀದಿಯೋನು ಸೋಲೋದು ನೋಡೋಕೆ ಬತ್ತಾರೆ."

ಮದರಾಸಿನಲ್ಲಿ ಸರ್ಕಾರದ ಅನ್ನ ತಿಂದು ಕಲಿತು ಬಂದ ತತ್ತ್ವ ಇದು.

ಜನವರಿ ೨೫, ಮಂಗಳವಾರ

ಕೋಟೆಯ ಪಂಗಡದಲ್ಲಿ ತವರಿನ ಹಿಂದೆ ಕೂತು ಚೆಂಡು ಹಿಡಿಯುವವನು ಯಾರೆಂದು ಇವತ್ತು ತಿಳಿಯಿತು. ಈರಭದ್ರಪ್ಪ. ನಲವತ್ತಾರು ವರ್ಷದ ಮನುಷ್ಯ, ಊರಿನಲ್ಲಿ ಹೊಲ ತೋಟ ಇರುವವನು, ಎಡಗೈಗೆ ತೆಂಗಿನ ನಾರು ತುಂಬಿದ ದಿಂಬಿನಂಥ ಚೀಲ ಕಟ್ಟಿಕೊಂಡು ಕುಕ್ಕರುಗಾಲಿನಲ್ಲಿ ಕೂರುತ್ತಾನಂತೆ. ನೋಡಿದವರು ಹೊಗಳುತ್ತಿದ್ದಾರೆ.

ಅವನು ನನ್ನ ಒಡಹುಟ್ಟಿದ ಅಣ್ಣ. ಅದನ್ನು ಇಲ್ಲಿ ಬರೆಯುವ ಅಗತ್ಯವಿರಲಿಲ್ಲ, ಬರೆದಾಯಿತು.

ಅವನೂ ನಾನೂ ಮಾತಾಡಿ ಏಳು ವರ್ಷ. ಅಪ್ಪ ತೀರಿಕೊಂಡಾಗ ನಾನು ಶಾಲೆಯಿಂದ ಕಳಿಸಿದ್ದ ಟ್ರೇನಿಂಗಿಗೆಂದು ಮೈಸೂರಿನಲ್ಲಿದ್ದೆ. ತಂತಿ ಸಿಕ್ಕ ತಕ್ಷಣ ಹೊರಟೆ. ಕಡೂರಿನಲ್ಲಿ ಇಳಿದಾಗ ಮಧ್ಯಾಹ್ನ ಎರಡು ಗಂಟೆ. ಬೆಳಿಗ್ಗೆಯೇ ಮಣ್ಣು ಮಾಡಿ ಬಂದು ಎಲ್ಲರೂ ಸ್ನಾನ ಮಾಡಿ ಕೂತಿದ್ದರು. ಅಣ್ಣ ನನಗಾಗಿ ಅರ್ಧ ದಿನ ಕಾಯಲಿಲ್ಲ. ಹಿರೀಕರು ಹೇಳಿದರು ಎಂದ. ಆ ಮನೆಯಿಂದ ಹೊರಗೆ ಬಂದವನು ಮತ್ತೆ ಹೋಗಿಲ್ಲ. ಅವನ ಕೋಟೆಗೂ ನಾನಿರುವ ಪೇಟೆಗೂ ನಡುವೆ ಐದು ನಿಮಿಷದ ದಾರಿ.

ಹೆಂಡತಿ ಕಮಲಾಕ್ಷಿಗೆ ಹೇಳಿದೆ. "ಭಾವನಿಗೆ ಮಂಡಿನೋವು ಕಣ್ರೀ, ಹಂಗೆ ಕೂತ್ಕೊಂಡ್ರೆ ಏಳೋದು ಕಷ್ಟ" ಎಂದಳು. ಅವನ ಮಂಡಿಯ ಸಮಾಚಾರ ಇವಳಿಗೆ ಹೇಗೆ ಗೊತ್ತು ಎಂದು ಕೇಳಿದ್ದಕ್ಕೆ ಒಳಗೆ ಹೋದಳು. ಇವಳೂ ಅವನ ಹೆಂಡತಿ ಅಂಬಮ್ಮನೂ ಎಲ್ಲೋ ಭೇಟಿಯಾಗುತ್ತಾರೆ ಎಂದು ನನಗೆ ಮೊದಲಿನಿಂದಲೂ ಗುಮಾನಿ.

ಜನವರಿ ೩೦, ಭಾನುವಾರ

ಮೊದಲ ಪಂದ್ಯ. ಸಂತೆಯ ದಿನ ಸೇರುವುದಕ್ಕಿಂತ ಹೆಚ್ಚು ಜನ. ಅಂಗಡಿ ಮುಚ್ಚಿ ಬಂದವರು, ಮಗ್ಗ ನಿಲ್ಲಿಸಿ ಬಂದವರು. ಅಮಲ್ದಾರರು ಕುರ್ಚಿ ತರಿಸಿ ಕೂತಿದ್ದರು. ಇಷ್ಟು ಜನ ಶಾಲೆಯ ವಾರ್ಷಿಕೋತ್ಸವಕ್ಕೆ ಎಂದೂ ಬಂದಿಲ್ಲ.

ಏಳು ಸರದಿ ಆಟ. ಪೇಟೆಗೆ ಮುಖಂಡ ದಿನಸಿ ಅಂಗಡಿಯ ಚನ್ನಬಸಪ್ಪ, ನಮ್ಮ ಬೀದಿಯವನೇ. ಎರಡನೇ ಸರದಿಯಲ್ಲಿ ಒಬ್ಬನ ಹಲ್ಲು ಮುರಿಯಿತು. ಅವನು ಅದನ್ನು ಜೇಬಿಗೆ ಹಾಕಿಕೊಂಡು ಆಟ ಮುಂದುವರಿಸಿದ. ಇಂಥವರ ಬುದ್ಧಿಯ ಮೇಲೆ ಟಿಪ್ಪಣಿ ಬೇಕಿಲ್ಲ.

ಕೊನೆಯ ಸರದಿಯಲ್ಲಿ ಕೋಟೆಯವರಿಗೆ ಒಂದೇ ಓಟ ಬೇಕಿತ್ತು, ಸಮ ಮಾಡಲು. ಮೂರನೇ ಮನೆಯಿಂದ ಈರಭದ್ರಪ್ಪ ಹೊರಟ. ಆ ವಯಸ್ಸಿಗೆ, ಆ ಹೊಟ್ಟೆಗೆ, ಆ ಓಟ. ಕಚ್ಚೆ ಬಿಚ್ಚಿಹೋಗುತ್ತಿತ್ತು, ಒಂದು ಕೈಯಲ್ಲಿ ಹಿಡಿದುಕೊಂಡೇ ಓಡಿದ. ತವರಿನಲ್ಲಿ ಪೇಟೆಯ ಲಕ್ಕಣ್ಣ ಚೆಂಡು ಹಿಡಿದು ಕಾಯುತ್ತಿದ್ದ. ಇವನು ಜಾರಿ ಬಿದ್ದ, ಅವನು ಮೇಲೆ ಬಿದ್ದ. ಧೂಳು ಎದ್ದಿತು.

ನಾನು "ಔಟ್" ಎಂದೆ.

ಧೂಳು ಇಳಿದಾಗ ಅವನು ನೆಲದ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದ. ಏಳು ವರ್ಷದಲ್ಲಿ ಅವನಿಗೆ ನಾನು ಹೇಳಿದ ಮೊದಲ ಮಾತು ಅದು. ತೀರ್ಪು ಸರಿ. ನನಗೆ ಸ್ಪಷ್ಟವಾಗಿ ಕಂಡಿತು.

ಫೆಬ್ರವರಿ ೧, ಮಂಗಳವಾರ

ಮೊಸರು ಮಾರುವ ಹುಚ್ಚಮ್ಮ ಕೋಟೆಯವಳು. ಎರಡು ದಿನದಿಂದ ನಮ್ಮ ಬೀದಿಗೆ ಬಂದಿಲ್ಲ. ಕೋಟೆಯವರು ಚನ್ನಬಸಪ್ಪನ ಅಂಗಡಿ ಬಿಟ್ಟು ಉಪ್ಪಿಗೆ ಬೀರೂರಿಗೆ ಹೋಗುತ್ತಿದ್ದಾರೆ. ಉಪ್ಪಿಗಾಗಿ ರೈಲು ಹತ್ತುವ ಜನ.

ಶಾಲೆಯ ಜವಾನ ಸಣ್ಣಬೀರಪ್ಪ ಮೆಲ್ಲಗೆ ಹೇಳಿದ: "ಕೋಟೇಲಿ ಏನೇನೋ ಅಂತವ್ರೆ ಸಾರ್. ಮೇಷ್ಟ್ರು ಏಳು ವರ್ಷದ ಹಗೆ ಒಂದೇ ಮಾತಲ್ಲಿ ತೀರಿಸ್ಕೊಂಡ್ರು ಅಂತ."

ಹಗೆ ತೀರಿಸಬೇಕಿದ್ದರೆ ಗೋಣಿಚೀಲದ ಪಕ್ಕದಲ್ಲಿ ನಿಂತು ತೀರಿಸುತ್ತೇನೆಯೇ?

ಫೆಬ್ರವರಿ ೩, ಗುರುವಾರ

ಬೆಳಿಗ್ಗೆ ತಿರುಗಾಡುತ್ತ ಸಂತೆ ಮೈದಾನದ ಕಡೆ ಹೋಗಿದ್ದೆ. ಹೋಗಿದ್ದು ತಿರುಗಾಟಕ್ಕೇ. ತವರು ಇದ್ದ ಜಾಗದಲ್ಲಿ ಕಾಲು ಎಳೆದ ಗುರುತು ಇನ್ನೂ ಇತ್ತು. ಉದ್ದಕ್ಕೆ ಬಂದು ಚೀಲದ ಅಂಚಿನ ಹತ್ತಿರ ನಿಂತಿದೆ. ಅಂಚಿಗೆ ಮೊದಲೇ ನಿಂತಿದೆಯೋ, ಅಂಚಿನ ಒಳಗೋ ಹೇಳಲು ಬರುವಂತಿಲ್ಲ, ನಡುವೆ ಒಂದು ಎಮ್ಮೆ ನಡೆದುಹೋಗಿದೆ.

ರೂಲ್ ಪುಸ್ತಕ ಮೂರನೇ ಸಲ ಓದಿ ಮುಗಿಸಿದೆ. ಬರೆದವನಿಗೆ ವಾಕ್ಯ ಕಟ್ಟಲು ಬರುವುದಿಲ್ಲ.

ಫೆಬ್ರವರಿ ೧೩, ಭಾನುವಾರ

ಎರಡನೇ ಕೋಟೆ–ಪೇಟೆ ಪಂದ್ಯ. ಈ ಸಲ ಪೇಟೆ ಸೋತಿತು. ಚನ್ನಬಸಪ್ಪ ಹೊಡೆದ ದೊಡ್ಡ ಹೊಡೆತ ಪಕ್ಕದ ಗೆರೆಯ ಆಚೆ ಬಿತ್ತು, ಲೆಕ್ಕಕ್ಕಿಲ್ಲ ಎಂದೆ. ಅವನು ದಾಂಡನ್ನು ನನ್ನ ಕಾಲ ಬಳಿ ಎಸೆದು, ಎಲ್ಲರಿಗೂ ಕೇಳುವಂತೆ ಹೇಳಿದ: "ಎಷ್ಟಾದ್ರೂ ರಕ್ತ ಎಳೀತದೆ ಕಣ್ರಪ್ಪಾ."

ಹೋದ ಪಂದ್ಯದಲ್ಲಿ ನಾನು ಅಣ್ಣನ ಮೇಲೆ ಹಗೆ ತೀರಿಸಿಕೊಂಡವನು. ಈ ಪಂದ್ಯದಲ್ಲಿ ಅಣ್ಣನಿಗಾಗಿ ಮೋಸ ಮಾಡಿದವನು. ಎರಡೂ ಹೇಗಾಗುತ್ತದೆ ಎಂದು ಊರಿನಲ್ಲಿ ಒಬ್ಬರೂ ಕೇಳುವುದಿಲ್ಲ. ತರ್ಕ ಎಂಬುದನ್ನು ಏಳನೇ ತರಗತಿಯಲ್ಲಾದರೂ ಕಲಿಸಬೇಕು.

ಸಂಜೆ ಬೀದಿಯಲ್ಲಿ ಬರುವಾಗ ನಾಲ್ಕು ಜಗಲಿಗಳಲ್ಲಿ ಮಾತು ನಿಂತಿತು. ಐದನೆಯದರಲ್ಲಿ ಒಬ್ಬ ಮುದುಕ ಮಾತ್ರ "ಬಂದ್ರಾ ಮೇಷ್ಟ್ರೇ" ಎಂದ. ಅವನಿಗೆ ಕಿವಿ ಕೇಳುವುದಿಲ್ಲ, ಸುದ್ದಿ ಮುಟ್ಟಿರಲಿಕ್ಕಿಲ್ಲ.

ಈರಭದ್ರಪ್ಪ ಇವತ್ತು ಐದು ಚೆಂಡು ಬಿಡದೆ ಹಿಡಿದ. ಕೂತು ಏಳುವಾಗ ಎಡಮಂಡಿಯ ಮೇಲೆ ಕೈಯೂರುತ್ತಾನೆ.

ಫೆಬ್ರವರಿ ೧೮, ಶುಕ್ರವಾರ

ತರೀಕೆರೆಯಿಂದ ಕಾಗದ ಬಂತು. ಅಲ್ಲಿಯೂ ಈ ರೋಗ ತಗುಲಿದೆ. ಬೆನಕಪ್ಪನೇ ಎರಡು ಸಲ ಹೋಗಿ ಹಚ್ಚಿ ಬಂದದ್ದು. ಇದೇ ಇಪ್ಪತ್ತೇಳಕ್ಕೆ ಅವರ ಊರಿನಲ್ಲಿ ಪಂದ್ಯ, ಕಡೂರಿನವರಿಗೆ ಧೈರ್ಯವಿದ್ದರೆ ಬರಬೇಕು ಎಂದು ಬರೆದಿದ್ದಾರೆ. ಕಾಗುಣಿತದಲ್ಲಿ ಆರು ತಪ್ಪು.

ಬೆಳಿಗ್ಗೆ ಕಾಗದ ಬಂತು. ಸಂಜೆ ಹೊತ್ತಿಗೆ ಕೋಟೆಯೂ ಇಲ್ಲ, ಪೇಟೆಯೂ ಇಲ್ಲ. ಹುಚ್ಚಮ್ಮ ಮೊಸರು ತಂದಳು. ಚನ್ನಬಸಪ್ಪ ಕೋಟೆಯ ಬಾಗಿಲಿಗೆ ಹೋಗಿ ಈರಭದ್ರಪ್ಪನ ಹೆಗಲ ಮೇಲೆ ಕೈ ಹಾಕಿಕೊಂಡು ಬಂದ. ಮೂರು ವಾರ ಒಬ್ಬರ ಮುಖಕ್ಕೆ ಒಬ್ಬರು ಉಗುಳುತ್ತಿದ್ದವರು ಈಗ ಇಬ್ಬರೂ ಸೇರಿ ತರೀಕೆರೆಯ ಕಡೆ ಉಗುಳುತ್ತಿದ್ದಾರೆ. ಇದನ್ನು ಒಗ್ಗಟ್ಟು ಎಂದು ಕರೆಯುತ್ತಾರೆ.

ಅಂಪೈರ್ ಯಾರು ಎಂದು ತರೀಕೆರೆಯವರು ಜಗಳ ತೆಗೆಯುತ್ತಾರೆಂದುಕೊಂಡಿದ್ದೆ. ಅವರು ನನ್ನನ್ನೇ ಒಪ್ಪಿದ್ದಾರೆ. "ಒಡಹುಟ್ಟಿದೋನನ್ನೇ ಔಟ್ ಮಾಡಿದ ಮೇಷ್ಟ್ರಲ್ವಾ, ಸಾಕು ಬಿಡಿ ಅಂದ್ರು ಸಾರ್" ಎಂದು ಬೆನಕಪ್ಪ ಹೆಮ್ಮೆಯಿಂದ ಹೇಳಿದ. ಇದು ಹೆಮ್ಮೆಪಡುವ ವಿಷಯವೇ ಎಂದು ಕೇಳಿದರೆ ಸೀಟಿ ಒರೆಸುತ್ತ ಹೊರಟುಹೋದ.

ಫೆಬ್ರವರಿ ೨೭, ಭಾನುವಾರ

ಬರೆಯಲು ಕೂತಿದ್ದೇನೆ, ತಾರೀಖನ್ನೇ ಎರಡು ಸಲ ತಪ್ಪಾಗಿ ಹಾಕಿದೆ. ರೈಲಿನ ಕುಲುಕಾಟ ಇರಬೇಕು.

ಬೆಳಿಗ್ಗೆ ಬೀರೂರಿನಲ್ಲಿ ಗಾಡಿ ಬದಲಿಸಿ ತರೀಕೆರೆಗೆ ಹೋದೆವು. ನಮ್ಮ ಊರಿನಿಂದ ಅರವತ್ತು ಜನ. ಡಬ್ಬಿಯಲ್ಲಿ ಒಂದೇ ಬೆಂಚಿನ ಈ ತುದಿಗೆ ನಾನು, ಆ ತುದಿಗೆ ಈರಭದ್ರಪ್ಪ, ನಡುವೆ ಬೆನಕಪ್ಪ. ದಾರಿಯುದ್ದಕ್ಕೂ ಅವನು ಆ ಕಿಟಕಿಯಲ್ಲಿ ನೋಡಿದ, ನಾನು ಈ ಕಿಟಕಿಯಲ್ಲಿ ನೋಡಿದೆ. ಎರಡು ಕಡೆಯೂ ಒಂದೇ ಥರದ ಕೊಯ್ದ ಜೋಳದ ಕೂಳೆ.

ಕೊನೆಯ ಸರದಿಯವರೆಗೆ ಆಟ ಸಮನಾಗಿತ್ತು. ತರೀಕೆರೆಯವರ ಹೊಡೆತದ ಸರದಿ. ಮೂರನೇ ಮನೆಯಿಂದ ಅವರ ಕಡೆಯ ಎತ್ತರದ ಆಳೊಬ್ಬ ಓಡಿ ಬಂದ. ಚನ್ನಬಸಪ್ಪ ದೂರದಿಂದ ಎಸೆದ ಚೆಂಡು ನೇರವಾಗಿ ಈರಭದ್ರಪ್ಪನ ಕೈಚೀಲಕ್ಕೆ ಬಂತು. ಅವನು ಓಡಿ ಬಂದವನ ಎದೆಗೆ ಮುಟ್ಟಿಸಿದ. ಇಬ್ಬರೂ ಉರುಳಿದರು. ಮರುಕ್ಷಣ ಈರಭದ್ರಪ್ಪ ಚೆಂಡನ್ನು ಮೇಲೆತ್ತಿ ಹಿಡಿದ. ನಮ್ಮ ಅರವತ್ತು ಜನ ಕೂಗಿದ್ದು ಬೀರೂರಿಗೆ ಕೇಳಿರಬೇಕು.

ಆದರೆ ಉರುಳುವಾಗ ಚೆಂಡು ಕೈಚೀಲದಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಅವನ ಮೈಯಡಿಯಲ್ಲಿ, ಒಂದು ಗೇಣು ದೂರದಲ್ಲಿ. ಅವನು ಬಲಗೈಯಿಂದ ಅದನ್ನು ಬಾಚಿಕೊಂಡ. ಅದನ್ನು ಕಂಡವನು ನಾನೊಬ್ಬನೇ. ನಾನು ಕಂಡೆನೆಂದು ಗೊತ್ತಿದ್ದವನು ಅವನೊಬ್ಬನೇ. ಅಷ್ಟು ಹತ್ತಿರದಿಂದ ಅವನ ಕಣ್ಣು ನೋಡಿ ಏಳು ವರ್ಷವಾಗಿತ್ತು. ಅಪ್ಪನ ಕಣ್ಣೇ.

"ಔಟ್ ಅಲ್ಲ" ಎಂದೆ.

ನಾವು ಸೋತೆವು. ಮುಂದಿನದು ಬೇಗ ಬೇಗ ಆಯಿತು. ನಮ್ಮವರೇ ನನ್ನನ್ನು ಸುತ್ತಿಕೊಂಡರು. ಯಾರೋ ನನ್ನ ರುಮಾಲು ಎಳೆದರು. ಚನ್ನಬಸಪ್ಪನ ಕೈಯಲ್ಲಿ ದಾಂಡು ಇತ್ತು. "ತರೀಕೆರೆಯೋರು ಏನು ಕೊಟ್ರು ಹೇಳ್ರೀ ಮೇಷ್ಟ್ರೇ" ಎಂದು ಅವನು ಮುಂದೆ ಬಂದ. ಬೆನಕಪ್ಪ ಸೀಟಿ ಊದುತ್ತಲೇ ಇದ್ದ. ಆ ಸೀಟಿಯಿಂದ ಈವರೆಗೆ ಏನೂ ಉಪಯೋಗವಾಗಿಲ್ಲ.

ಆಗ ಈರಭದ್ರಪ್ಪ ಜನರನ್ನು ಮೊಣಕೈಯಿಂದ ತಳ್ಳಿಕೊಂಡು ಒಳಗೆ ಬಂದು ನನ್ನ ಮುಂದೆ ನಿಂತ. ಕುಂಟುತ್ತಿದ್ದ.

"ಚೆಂಡು ಬಿದ್ದಿತ್ತು" ಎಂದ.

"ಏನಂದೆ ಈರಭದ್ರಣ್ಣ?"

"ಕೈಯಿಂದ ಜಾರಿ ನೆಲಕ್ಕೆ ಬಿತ್ತು. ನಾನು ಮುಚ್ಕೊಂಡೆ. ಮೇಷ್ಟ್ರು ಹೇಳಿದ್ದು ಸರಿ. ದಾಂಡು ಕೆಳಗಿಡು ಚನ್ನಬಸಪ್ಪ."

ಚನ್ನಬಸಪ್ಪ ಕೆಳಗಿಟ್ಟ. ಅಷ್ಟು ಜನರ ಮುಂದೆ ತಾನು ಕಳ್ಳಾಟ ಆಡಿದೆ ಎಂದು ಹೇಳಿಕೊಳ್ಳುವ ಅಗತ್ಯ ಅವನಿಗೇನಿತ್ತು? ಅವನನ್ನು ಯಾರೂ ಸಾಕ್ಷಿಗೆ ಕರೆದಿರಲಿಲ್ಲ. ಅಂಪೈರಿನ ತೀರ್ಪಿಗೆ ಆಟಗಾರನ ಅನುಮೋದನೆ ಬೇಕೆಂದು ರೂಲ್ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ.

ಬರುವಾಗ ಡಬ್ಬಿಯಲ್ಲಿ ಯಾರೂ ನಮ್ಮಿಬ್ಬರ ಹತ್ತಿರ ಕೂರಲಿಲ್ಲ. ನಡುವೆ ಬೆಂಚು ಪೂರ್ತಿ ಖಾಲಿ. ಅವನು ಮಂಡಿ ನೀವಿಕೊಳ್ಳುತ್ತಿದ್ದ. ನಾನು ರೂಲ್ ಪುಸ್ತಕ ತೆಗೆದು ನಾಲ್ಕನೇ ಸಲ ಓದಲು ಹಿಡಿದೆ.

ಫೆಬ್ರವರಿ ೨೮, ಸೋಮವಾರ

ಶಾಲೆಗೆ ಹೋದೆ, ಬಂದೆ. ಮೊಸರಿಲ್ಲ.

ಕಮಲಾಕ್ಷಿ ಯಾವುದೋ ಎಣ್ಣೆ ಕಾಯಿಸಿ ಸೀಸೆಗೆ ತುಂಬುತ್ತಿದ್ದಳು. ಯಾರಿಗೆ ಎಂದು ನಾನು ಕೇಳಲಿಲ್ಲ. ಮಂಡಿಗೆ ಬಿಸಿಯಾಗಿ ಹಚ್ಚಬೇಕು, ತಣ್ಣಗೆ ಹಚ್ಚಿದರೆ ವ್ಯರ್ಥ ಎಂದಷ್ಟೇ ಹೇಳಿದೆ.

ಮಾರ್ಚ್ ೬, ಭಾನುವಾರ

ಮಧ್ಯಾಹ್ನ ಊಟವಾಗಿ ಕೂತಿದ್ದೆ. ಬಾಗಿಲಲ್ಲಿ ಕೋಲಿನ ಸದ್ದು. ಈರಭದ್ರಪ್ಪ. ಬಾ ಎನ್ನುವುದಕ್ಕೂ ಕಾಯದೆ ಒಳಗೆ ಬಂದು ಕಂಬಕ್ಕೆ ಒರಗಿ ಕೂತ.

"ತರೀಕೆರೇಲಿ ನೀನು ಹೇಳಿದ್ದು ಸರಿ" ಎಂದ. "ಆದ್ರೆ ಜನವರೀಲಿ ಹೇಳಿದ್ದು ತಪ್ಪು ಕಣೋ ರೇವಣ. ಲಕ್ಕಣ್ಣ ಮುಟ್ಟೋಕೆ ಮುಂಚೆ ನನ್ ಕಾಲು ಚೀಲದ ಮೇಲಿತ್ತು."

ಏಳು ವರ್ಷ ಬಿಟ್ಟು ಮನೆಗೆ ಬಂದವನು ಎತ್ತಿದ ಮಾತು ಇದು. ಇರಲಿಲ್ಲ ಎಂದೆ. ಇತ್ತು ಎಂದ. ರೂಲ್ ಪುಸ್ತಕ ತಂದು ಓದಿ ಹೇಳಿದೆ. ಇಂಗ್ಲಿಷಿನಲ್ಲಿ ಏನು ಬರೆದಿದ್ದರೂ ಅವನ ಕಾಲು ಅವನಿಗೆ ಗೊತ್ತು ಎಂದ. ಮೊರ ತಂದು ತವರಿನಂತೆ ನೆಲಕ್ಕೆ ಹಾಕಿದೆ. ನಾನು ಲಕ್ಕಣ್ಣನಾದೆ. ಅವನು ಕುಂಟುಗಾಲಿನಲ್ಲಿ ಪಡಸಾಲೆಯ ತುದಿಯಿಂದ ಓಡಿ ಬಂದು ಮೊರ ಮುರಿದ. ಒಳಗಿನಿಂದ ಕಮಲಾಕ್ಷಿ ನಕ್ಕಿದ್ದು ಕೇಳಿಸಿತು. ನಗುವಂಥದ್ದು ಏನೂ ಇರಲಿಲ್ಲ. ಎರಡು ಗಂಟೆ ಹೀಗೆಯೇ ಹೋಯಿತು. ವಾದ ಮಾಡುವ ಕ್ರಮವೇ ಗೊತ್ತಿಲ್ಲದ ಮನುಷ್ಯ, ಹೇಳಿದ್ದನ್ನೇ ಹೇಳುತ್ತಾನೆ.

ಕೊನೆಗೆ ಸುಸ್ತಾಗಿ ಇಬ್ಬರೂ ಕೂತೆವು. ನೀರು ಕುಡಿದ. ಚೊಂಬನ್ನು ಕೆಳಗಿಡದೆ ಕೈಯಲ್ಲೇ ತಿರುಗಿಸಿದ.

"ಅಪ್ಪನ ವಿಷಯದಲ್ಲಿ ತಪ್ಪು ನಂದು" ಎಂದ. "ಹಿರೀಕರು ಹೇಳಿದ್ರು ಅಂತ ನಿಂಗೆ ಹೇಳಿದ್ನಲ್ಲ, ಅದು ಸುಳ್ಳು. ಅವರು ಚಿಕ್ಕೋನು ಬರ್ಲಿ, ಕಾಯೋಣ ಅಂತ್ಲೇ ಅಂದ್ರು. ನಂಗೇ ಆಗ್ಲಿಲ್ಲ. ಅಪ್ಪನ್ನ ಪಡಸಾಲೇಲಿ ಗೋಡೆಗೆ ಒರಗ್ಸಿ ಕೂರ್ಸಿದ್ರು. ನೋಡ್ಕೊಂಡು ಕೂತಿರೋಕೆ ಆಗ್ಲಿಲ್ಲ. ಬೇಗ ಮುಗೀಲಿ ಅಂದ್ಬಿಟ್ಟೆ. ಆಮೇಲೆ ನೀನು ಬಂದು ಬಾಗಿಲಲ್ಲಿ ನಿಂತ್ಕೊಂಡೆ."

ಹೇಳಬೇಕೆಂದು ಏಳು ವರ್ಷದಿಂದ ಇಟ್ಟುಕೊಂಡಿದ್ದ ಮಾತುಗಳು ಬಹಳ ಇದ್ದವು, ಚೆನ್ನಾಗಿ ಜೋಡಿಸಿಟ್ಟಿದ್ದೆ. ಒಂದೂ ಬಾಯಿಗೆ ಬರಲಿಲ್ಲ.

"ಅವತ್ತು ಧೂಳಿತ್ತು" ಎಂದೆ. "ಜನವರೀಲಿ. ನಿನ್ನ ಕಾಲು ನಂಗೆ ಕಾಣ್ಲಿಲ್ಲ."

ಅವನು ನನ್ನನ್ನು ನೋಡಿದ. "ಕಾಣ್ದೇನೇ ಔಟ್ ಅಂದ್ಯಾ?"

"ಅಂದೆ."

"ಲೇ" ಎಂದ. ಆಮೇಲೆ ನಗಲು ಶುರುಮಾಡಿದವನು ಕಣ್ಣಲ್ಲಿ ನೀರು ಬರುವವರೆಗೆ ನಿಲ್ಲಿಸಲಿಲ್ಲ. ನನ್ನ ಕಣ್ಣೂ ಉರಿಯುತ್ತಿತ್ತು. ಒಳಗೆ ಒಗ್ಗರಣೆ ಹಾಕಿದ್ದರು.

ಈ ಮಾತು ಊರಿನಲ್ಲಿ ಹೇಳಕೂಡದು ಎಂದು ಆಣೆ ಹಾಕಿಸಿಕೊಂಡಿದ್ದೇನೆ. ಅವನು ಹೇಳದೆ ಇರುವವನಲ್ಲ. ಹೊತ್ತು ಮುಳುಗುವವರೆಗೆ ಕೂತಿದ್ದು, ಉಂಡು ಹೋದ. ಭಾನುವಾರ ಒಂದು ಪೂರ್ತಿ ಹಾಳಾಯಿತು.

ಮಾರ್ಚ್ ೧೧, ಶುಕ್ರವಾರ

ಇನ್‌ಸ್ಪೆಕ್ಟರ್ ಕಚೇರಿಯಿಂದ ಸುತ್ತೋಲೆ. ಒಂದೇ ಊರಿನ ಪಂಗಡಗಳ ನಡುವೆಯೂ, ಊರು ಊರುಗಳ ನಡುವೆಯೂ ಇಂಥ ಪಂದ್ಯಗಳನ್ನು ನಡೆಸುವುದರಿಂದ ಆಟಕ್ಕೆ ಹಿತವೋ ಅಹಿತವೋ, ಕಾರಣಸಹಿತ ಅಭಿಪ್ರಾಯ ಕಳಿಸಬೇಕು. ಹೆಡ್‌ಮಾಸ್ಟರು ಅದನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಬೆನಕಪ್ಪ ಮುಖ ಸಣ್ಣಗೆ ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದ.

ಉತ್ತರ ಬರೆಯಲು ನನಗೆ ಅರ್ಧ ಗಂಟೆ ಸಾಕಾಯಿತು. ಈ ಪಂದ್ಯಗಳಿಂದ ಒಳ್ಳೆಯದೇನೂ ಆಗಿಲ್ಲ. ವ್ಯಾಪಾರ ಕೆಟ್ಟಿದೆ, ಒಂದು ಹಲ್ಲು ಮುರಿದಿದೆ, ನೆರೆಹೊರೆಯವರು ಮಾತು ಬಿಟ್ಟಿದ್ದಾರೆ, ಮಾತು ಬಿಟ್ಟಿದ್ದವರು ಹೊತ್ತುಗೊತ್ತಿಲ್ಲದೆ ಮನೆಗೆ ಬಂದು ಮಾತಾಡುತ್ತಾರೆ. ಜನ ಆಟಕ್ಕಾಗಿ ಬರುವುದಿಲ್ಲ, ಎದುರು ಕಡೆಯವನ ಸೋಲಿಗಾಗಿ ಬರುತ್ತಾರೆ. ಬಂದ ಮೇಲೆ ಅಕಸ್ಮಾತ್ತಾಗಿ ಆಟವನ್ನೂ ನೋಡಿಬಿಡುತ್ತಾರೆ. ಆದ್ದರಿಂದ ನಿಲ್ಲಿಸುವುದು ಮೇಲು ಎಂದು ಬರೆದೆ.

ಓದಿ ನೋಡಿದಾಗ ಸ್ವಲ್ಪ ಖಾರವಾಯಿತು ಎನಿಸಿತು. ಕೆಳಗೆ ಸೇರಿಸಿದೆ: ಒಂದು ವೇಳೆ ನಿಲ್ಲಿಸಲು ಸಾಧ್ಯವಾಗದಿದ್ದರೆ ಪಂದ್ಯಗಳನ್ನು ಹದಿನೈದು ದಿನಕ್ಕೊಮ್ಮೆ ಇಡದೆ ವಾರಕ್ಕೊಮ್ಮೆ ಇಡಬೇಕು. ಹದಿನೈದು ದಿನ ಸಿಟ್ಟನ್ನು ಮನೆಯೊಳಗೆ ಕೂಡಿಹಾಕುವುದು ಜನರ ಆರೋಗ್ಯಕ್ಕೆ ಒಳ್ಳೆಯದಲ್ಲ. ಅಜ್ಜಂಪುರದಲ್ಲಿಯೂ ಒಂದು ಪಂಗಡ ಆಗಿದೆ ಎಂದು ಕೇಳಿದ್ದೇನೆ, ಅವರನ್ನೂ ಸೇರಿಸಿಕೊಳ್ಳದಿದ್ದರೆ ಮನಸ್ತಾಪಕ್ಕೆ ಕಾರಣವಾಗುತ್ತದೆ. ಅಂಪೈರ್ ಕೆಲಸಕ್ಕೆ ರೂಲ್ ಪುಸ್ತಕ ಓದಿದವರನ್ನೇ ನೇಮಿಸಬೇಕು. ಸದ್ಯ ಈ ಪ್ರಾಂತದಲ್ಲಿ ಅಂಥವನು ಒಬ್ಬನೇ ಇದ್ದಾನೆ.

ಬೆನಕಪ್ಪ ಓದಿ ನನ್ನ ಕೈ ಹಿಡಿದುಕೊಂಡ. ಅರ್ಥವಾಗಿರಲಾರದು.

ಮಾರ್ಚ್ ೧೯, ಶನಿವಾರ

ನಾಳೆ ಅಜ್ಜಂಪುರದಲ್ಲಿ ಪಂದ್ಯ. ಅಲ್ಲಿಯವರು ದಾಂಡನ್ನು ನೇಗಿಲು ಹಿಡಿದಂತೆ ಹಿಡಿಯುತ್ತಾರಂತೆ. ಚನ್ನಬಸಪ್ಪ ಇನ್ನೂ ನನ್ನ ಮುಖ ನೋಡುವುದಿಲ್ಲ, ಆದರೆ ಬೆಳಿಗ್ಗೆ ಅಂಗಡಿಯಲ್ಲಿ ಬೆಲ್ಲ ಕಟ್ಟುತ್ತ ಗೋಡೆಯ ಕಡೆ ತಿರುಗಿ, "ಗೆರೆ ನೆಟ್ಟಗೆ ಹಾಕ್ಸಿ ನಾಳೆ" ಎಂದ. ಗೋಡೆಗೆ ಹೇಳಿದನೆಂದು ತಿಳಿದು ಬಂದೆ.

ಅಣ್ಣ ನಸುಕಿಗೇ ಎತ್ತಿನ ಗಾಡಿ ತರುತ್ತಾನಂತೆ. ರೈಲಿನಲ್ಲಿ ಹೋಗೋಣ ಎಂದರೆ ಕೇಳಲಿಲ್ಲ. ಗಾಡಿಯಲ್ಲಾದರೆ ಮಾತಾಡಲು ಹೊತ್ತು ಸಿಗುತ್ತದಂತೆ. ಏಳು ವರ್ಷದ ಮಾತು ಅವನಲ್ಲಿ ಕೂಡಿಬಿದ್ದಿದೆ, ಪ್ರಯೋಜನದ್ದು ಒಂದೂ ಇಲ್ಲ. ಮಂಡಿ ಸರಿಯಾಗಿಲ್ಲ, ಈ ಸಲ ಕೂರಬೇಡ ಎಂದರೆ ಅದಕ್ಕೂ ಕೇಳುವುದಿಲ್ಲ.

ಕಮಲಾಕ್ಷಿ ಒಳಗೆ ಎರಡು ಬುತ್ತಿ ಕಟ್ಟುತ್ತಿದ್ದಾಳೆ, ನನಗೊಂದು, ಅವನಿಗೊಂದು. ಎರಡು ಯಾಕೆ, ಒಂದೇ ದೊಡ್ಡದಾಗಿ ಕಟ್ಟು, ಅವನು ಚಿಕ್ಕಂದಿನಿಂದಲೂ ನನ್ನದರಲ್ಲೇ ಕೈ ಹಾಕುವವನು ಎಂದು ಹೇಳಿ ಬಂದಿದ್ದೇನೆ.